ಸಹ

ಪತ್ರಿಕೆಯ ಒಳಪುಟದಲ್ಲಿ, ಟೈರಿನ ಜಾಹೀರಾತಿನ ಮಗ್ಗುಲಿಗೆ
ಎರಡು ಬೆರಳಗಲದ ಸುದ್ದಿ:
ಎಮಿಲ್ ವಾರ್ಗೊ, ಎಪ್ಪತ್ತೇಳು,
ಟೊಲೀಡೊ ಕಾಮಿಕ್ಸ್ ಸಮ್ಮೇಳನದ ಸಹಸಂಸ್ಥಾಪಕ.

ಸಹ.
ಎಂದರೆ ಕೂಡ. ಎಂದರೆ ಇವನೂ.
ಹೆಸರಿನ ಬಾಲಕ್ಕೊಂದು ಕೊಂಬು.

ಉಳಿದದ್ದು ನಾನರಿಯೆ. ನನಗೆ ಗೊತ್ತಿರುವುದು
ಕುರ್ಚಿಗಳ ಲೆಕ್ಕ.

ಅರವತ್ತೆಂಟರ ಮಾರ್ಚ್. ಮೌಮೀ ನದಿಯ ಮೇಲೆ ಕೊಳೆಹಿಡಿದ ಹಿಮ.
ಅಪ್ಪನದು ಶವಸಂಸ್ಕಾರದ ಅಂಗಡಿ,
ಮಡಿಸುವ ಕಪ್ಪು ಕುರ್ಚಿ ಎಂಬತ್ತು,
ಒಂದೊಂದರ ಬೆನ್ನಿಗೂ ಬಿಳಿ ಅಕ್ಷರ: ಡೋಬಶ್ ಮತ್ತು ಮಗ.
ಮಗ ಇರಲಿಲ್ಲ. ನಾನಿದ್ದೆ.

ಗಾಜಿನ ಕಾರ್ಖಾನೆಯ ಹುಡುಗ ಬಂದು
ಟೋಪಿ ತಿರುವುತ್ತ ಹೊಸ್ತಿಲಲ್ಲಿ ನಿಂತ.
ಒಂದು ದಿನಕ್ಕೆ ಸಾಕು ಸಾರ್, ಕುರ್ಚಿ.
ಯಾರು ಸತ್ತರು? ಎಂದ ಅಪ್ಪ.
ಯಾರೂ ಇಲ್ಲ. ನಮ್ಮಲ್ಲಿ ಸತ್ತವರು
ಮುಂದಿನ ಸಂಚಿಕೆಗೆ ಎದ್ದು ಬರುತ್ತಾರೆ.
ಅಪ್ಪ ನಗಲಿಲ್ಲ. ಕುರ್ಚಿ ಕೊಟ್ಟ.
ಜೊತೆಗೆ ಹನ್ನೊಂದರ ನನ್ನನ್ನೂ ಕೊಟ್ಟ:
ಎಣಿಸಿಕೊಂಡು ಬಾ.

ಲಾರಿಮರ್ ಹೋಟೆಲಿನ ನೆಲಮಾಳಿಗೆ.
ಡ್ವೇಯ್ನ್ ಪಿಕೆಟ್ ಮೈಕು ಹಿಡಿದ, ಹುಟ್ಟುವಾಗಲೇ ಹಿಡಿದು ಬಂದವನಂತೆ.
ಎಮಿಲ್ ಬಲ್ಬು ಬದಲಿಸಿದ. ಕಕ್ಕಸಿನ ಕೀಲಿ ಹುಡುಕಿದ.
ಐವತ್ತು ಸೆಂಟಿನ ಟಿಕೆಟ್ಟು ಹರಿದು
ಚಿಲ್ಲರೆಯನ್ನು ಸಿಗಾರಿನ ಡಬ್ಬಿಗೆ ಹಾಕಿದ.
ಬಂದವರು ಐವತ್ತಮೂರು, ಮದುವೆಮನೆಯೆಂದು ಹಾದಿ ತಪ್ಪಿ ಬಂದ
ಅಜ್ಜಿಯೂ ಸೇರಿ. ಅವಳಿಗೆ ಕೇಕು ಕೊಟ್ಟ, ದುಡ್ಡು ಕೇಳಲಿಲ್ಲ.

ಮೂಲೆಯಲ್ಲಿ ಒಬ್ಬ ಮುದಿ ಚಿತ್ರಕಾರ
ತಾನು ಎಂದೋ ಗೀಚಿದ್ದ ಪುಟವನ್ನು ಪರರ ಕೈಯಲ್ಲಿ ಕಂಡು
ಇದನ್ನೂ ಯಾರಾದರೂ ಎತ್ತಿಡುತ್ತಾರೆಯೆ? ಎಂದ.
ಎಮಿಲ್ ಮಾತಾಡಲಿಲ್ಲ.
ಅಂಗಿಗೆ ಕೈ ಒರೆಸಿಕೊಂಡು, ಆಮೇಲೆ ಪುಟ ಮುಟ್ಟಿದ.

ರಾತ್ರಿ ಎಣಿಸಿದೆ. ಎಪ್ಪತ್ತೊಂಬತ್ತು.
ಮತ್ತೆ ಎಣಿಸಿದೆ. ಎಪ್ಪತ್ತೊಂಬತ್ತೇ.
ಮನೆಗೆ ಬಂದು ಬೈಸಿಕೊಂಡು ಉಣ್ಣದೆ ಮಲಗಿದೆ.

ಮರುದಿನ ಯಾರದೋ ಅಂತ್ಯಕ್ರಿಯೆ; ಪಾದ್ರಿಯ ಮಾತಿನ ನಡುವೆ
ಕದ ಕಿರ್ರೆಂದಿತು. ಎಮಿಲ್, ಬಸ್ಸಿನಲ್ಲಿ
ಮಗುವಿನ ಹಾಗೆ ತೊಡೆಯ ಮೇಲಿಟ್ಟು ತಂದ ಕುರ್ಚಿ.
ಎಲ್ಲರೂ ತಿರುಗಿದರು. ಏನು ಮಾಡಲೂ ತೋಚದೆ
ಬಿಚ್ಚಿ, ಹಿಂದಿನ ಸಾಲಿನಲ್ಲಿ ಹಾಕಿ, ಕೂತುಬಿಟ್ಟ.
ಗುರುತಿಲ್ಲದ ಹೆಂಗಸಿಗಾಗಿ ಕೊನೆಯ ಪ್ರಾರ್ಥನೆವರೆಗೂ.

ರಾತ್ರಿ ನಾನು ಇದರ ಮೇಲೇ ಕೂತಿದ್ದೆ, ಚಿಲ್ಲರೆ ಎಣಿಸುತ್ತ,
ಎಂದ ಆಮೇಲೆ. ನೀನು ನನ್ನನ್ನು ದಾಟಿ ಎಣಿಸಿದೆ.
ಹೊಳೆ ದಾಟಿದ ಹತ್ತು ಮಂದಿಯ ಲೆಕ್ಕ.

ಐವತ್ತೈದು ವರ್ಷ. ನೆಲಮಾಳಿಗೆ ಹೋಗಿ ಸಭಾಂಗಣ ಬಂತು,
ಐವತ್ತಮೂರರ ಮುಂದೆ ಸೊನ್ನೆಗಳು ಬಂದವು,
ಟೀವಿಯಲ್ಲಿ ಪಿಕೆಟ್ ಬಂದ.
ಹೆಂಡತಿ ಇಲೋನಾಳ ಆಸ್ಪತ್ರೆಗೆಂದು ಎಮಿಲನ ಪೆಟ್ಟಿಗೆಗಳು
ಒಂದೊಂದೇ ಹೋದವು. ಅವನು ಮಾತ್ರ
ಪ್ರತಿ ವರ್ಷ ನಸುಕಿಗೆದ್ದು, ಮಂಡಿಯೂರಿ,
ಸಾಲು ನಿಲ್ಲುವ ಜಾಗಕ್ಕೆ ಹಳದಿ ಟೇಪು ಅಂಟಿಸುತ್ತಿದ್ದ.
ಮೇಲೆ ಸಾವಿರ ಕೆಂಪು ಬೂಟು ಓಡಾಡುತ್ತಿದ್ದವು.
ಒಮ್ಮೆ ಹೊಸ ಕಾವಲುಗಾರ ತಡೆದು ಟಿಕೆಟ್ ಕೇಳಿದನಂತೆ.
ಹೋಗಿ ಕೊಂಡು ತಂದ.

ಅಂಗಡಿ ಈಗ ನನ್ನದು. ಬೋರ್ಡಿನಲ್ಲಿ ಮಗ ಹಾಗೇ ಇದ್ದಾನೆ.
ಉಗ್ರಾಣದಿಂದ ಹಳೆಯ ಕುರ್ಚಿಗಳನ್ನೇ ತೆಗೆಸಿ ಹಾಕಿದ್ದೇನೆ.
ಹದಿನಾಲ್ಕು ಜನ. ಪಿಕೆಟ್ ತನ್ನದು ತಾನೇ ತಂದ,
ಗಾಲಿಯದು. ಕಾಗದ ಬಿಡಿಸಿ, ಮೈಕು ತಟ್ಟಿದ.
ಸದ್ದಿಲ್ಲ. ಇನ್ನೊಮ್ಮೆ ತಟ್ಟಿದ.
ಕತ್ತು ತಿರುಗಿಸಿ, ಹಿಂದಿನ ಸಾಲಿನತ್ತ, ತುಸು ಸಿಡುಕಿನಲ್ಲೇ,
ಎಮಿಲ್, ಎಂದ.